ಸತ್ಯಾಂಶ: ಕೆರೆಯ ಹಸಿರು ಕೆನೆ ಸ್ಪಿರುಲಿನಾ ಅಲ್ಲ

‘ಎರಡು ಗಂಟೆಯಲ್ಲಿ ದುಪ್ಪಟ್ಟಾಗುವ ಪಾಚಿ ಸಿಕ್ಕಿದೆ. ಅದೇ ಸ್ಪಿರುಲಿನಾ. ನಿಮ್ಮ ಕೆರೆಯಲ್ಲೂ ಇದೆ, ಒಣಗಿಸಿ ತಿನ್ನಿ.’ ನಮ್ಮ ಬದಿಯಡ್ಕ ಕಡೆಯ ಗುಂಪಿಗೆ ಬಂದ ಫಾರ್ವರ್ಡ್ ಇದು. ಸ್ಪಿರುಲಿನಾ ಅಂದರೆ ಪೌಷ್ಟಿಕ ಆಹಾರವೆಂದು ಮಾರುವ ಹಸಿರು ಪುಡಿ.

ಮೊದಲ ಮಾತು ಪೂರ್ತಿ ಸುಳ್ಳಲ್ಲ. ಆದರೆ ಹಾಗೆ ದುಪ್ಪಟ್ಟಾಗುವುದು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಅಂದರೆ ಗಿಡದ ಹಾಗೆ ಬಿಸಿಲಲ್ಲಿ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಸಿನೆಕೊಕಾಕಸ್ ಜಾತಿಯ ಯುಟೆಕ್ಸ್ 2973 ಎಂಬ ತಳಿ ಸುಮಾರು 2 ಗಂಟೆಯಲ್ಲಿ ಇಮ್ಮಡಿಯಾಗುತ್ತದೆ. ಅದಕ್ಕೆ 41 ಡಿಗ್ರಿ ಬಿಸಿ, ಜೋರು ಬೆಳಕು, ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬೇಕು. ಮುಂಬೈಯ ಪೊವಾಯಿ ಕೆರೆಯಲ್ಲಿ ಸಿಕ್ಕ ಪಿಸಿಸಿ 11801 ಎಂಬ ತಳಿ ಇನ್ನೂ ಸ್ವಾರಸ್ಯದ್ದು. ಅದಕ್ಕೆ ಮಾಮೂಲಿ ಗಾಳಿ ಸಾಕು, 2.3 ಗಂಟೆಯಲ್ಲಿ ದುಪ್ಪಟ್ಟು! ಇಂಥವುಗಳ ಜೀನ್ ತಿದ್ದಿ ಸಕ್ಕರೆ, ಪ್ಲಾಸ್ಟಿಕ್‌ಗೆ ಬೇಕಾದ ಎಥಿಲೀನ್ ಮಾಡಿಸುವ ಪ್ರಯತ್ನ ಪ್ರಯೋಗಾಲಯಗಳಲ್ಲಿದೆ. ತಿನ್ನೋದಕ್ಕಲ್ಲ.

ಸ್ಪಿರುಲಿನಾವೂ ಸಯನೋಬ್ಯಾಕ್ಟೀರಿಯಾವೇ, ಆದರೆ ಬೇರೆ ಜಾತಿ. ಸೋಡಾ ಬೆರೆಸಿದ ಕ್ಷಾರದ ನೀರಲ್ಲಿ, ಶುಚಿಯಾದ ತೊಟ್ಟಿಯಲ್ಲಿ ಬೆಳೆಸುತ್ತಾರೆ. ನೀರಿಗಾಗಿ ಗುಡ್ಡ ಕೊರೆದ ನಮ್ಮ ಸುರಂಗದ ನೀರು ಬಂದು ನಿಲ್ಲುವ ತೋಟದ ಕೆರೆಗೂ ಅದಕ್ಕೂ ಸಂಬಂಧವಿಲ್ಲ.

ಬೇಸಿಗೆಯಲ್ಲಿ ಅಲ್ಲಿ ಕಟ್ಟುವ ಹಸಿರಿಗೆ ಒಂದು ಅಡಿಕೆ ಸಲಾಕೆ ಅದ್ದಿ ಎತ್ತಿ ನೋಡಿ. ಕೂದಲ ಹಾಗೆ ಎಳೆ ಎಳೆಯಾಗಿ ಜೋತುಬಿದ್ದರೆ ಸಾಮಾನ್ಯವಾಗಿ ಬರೀ ಪಾಚಿ. ಪೇಂಟ್ ಬಳಿದಂತೆ ಅಂಟಿದರೆ ಮೈಕ್ರೊಸಿಸ್ಟಿಸ್ ಎಂಬ ವಿಷಕಾರಿ ಸಯನೋಬ್ಯಾಕ್ಟೀರಿಯಾ ಇರಬಹುದು. ಅದರ ವಿಷ ಲಿವರ್ ಕೆಡಿಸುತ್ತದೆ, ಕುದಿಸಿದರೂ ಹೋಗುವುದಿಲ್ಲ. ಆ ನೀರನ್ನು ದನಕ್ಕೂ ಕೊಡಬೇಡಿ.