ನಿಮಿಷಕ್ಕೆ 38 ಅಡಿ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್ ಹವ್ಯಾಸಿಗಳ ನಡುವೆ ಅತ್ಯಂತ ಹುರುಪಿನಿಂದ ನಡೆಯುವ ಪೈಪೋಟಿ ಯಾವುದೆಂದರೆ, ಯಾರು ಎಷ್ಟು ಮೃದುವಾಗಿ ವಿಮಾನ ಇಳಿಸಬಲ್ಲರು ಎಂಬುದು. ಚಕ್ರಗಳು ರನ್‌ವೇಗೆ ತಾಗುವ ಕ್ಷಣದಲ್ಲಿ ವಿಮಾನ ನಿಮಿಷಕ್ಕೆ ಎಷ್ಟು ಅಡಿಯ ವೇಗದಲ್ಲಿ ಕೆಳಗಿಳಿಯುತ್ತಿತ್ತು ಎಂಬುದನ್ನು ಪುಟ್ಟ ತಂತ್ರಾಂಶವೊಂದು ಬರೆದಿಡುತ್ತದೆ. ಆ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಪಟ್ಟಿಯಲ್ಲಿ ಹೆಸರು ಮೇಲೇರುತ್ತದೆ. ನೂರರ ಒಳಗೆ ಬಂದರೆ ‘ಬಟರ್’, ಅಂದರೆ ಬೆಣ್ಣೆಯಷ್ಟು ನುಣುಪು, ಎಂದು ಗೆಳೆಯರು ಕೊಂಡಾಡುತ್ತಾರೆ. ಕೆಲವು ವರ್ಷಗಳಿಂದ ನಾನೂ ಈ ಪೈಪೋಟಿಯಲ್ಲಿದ್ದೇನೆ. ಈ ಒಂದೇ ಅಂಕಿಯನ್ನು ದಾಖಲೆಯೆಂದು ಮನ್ನಿಸುವುದನ್ನು ನಾವು ಬಿಡಬೇಕು ಎಂಬುದು ಈಗ ನನ್ನ ಖಚಿತ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಬಂದದ್ದು ನಾನು ಗೆದ್ದ ಸ್ಪರ್ಧೆಯೊಂದರಿಂದ. ನಮ್ಮ ಗುಂಪು ಆ ತಿಂಗಳಿಗೆ ಮಂಗಳೂರಿನ ಬಜ್ಪೆ ನಿಲ್ದಾಣವನ್ನೂ ಬೋಯಿಂಗ್ 737-800 ವಿಮಾನವನ್ನೂ ನಿಗದಿಪಡಿಸಿತ್ತು. ಹತ್ತಾರು ಪ್ರಯತ್ನಗಳ ನಂತರ ನನಗೆ ನಿಮಿಷಕ್ಕೆ 38 ಅಡಿ ದಕ್ಕಿತು. ಮೊದಲ ಸ್ಥಾನವೂ ಬಂತು. ಸಂತೋಷದಿಂದ ರಿಪ್ಲೇ ನೋಡಲು ಕುಳಿತಾಗ ಚಕ್ರಗಳು ತಾಗಿದ ಜಾಗ ಕಣ್ಣಿಗೆ ಬಿತ್ತು. ರನ್‌ವೇಯ ಆರಂಭದಿಂದ ಸುಮಾರು 3,900 ಅಡಿ ದಾಟಿದ ಮೇಲೆ ನಾನು ನೆಲ ಮುಟ್ಟಿದ್ದೆ. ಅಲ್ಲಿನ ರನ್‌ವೇಯ ಪೂರ್ತಿ ಉದ್ದವೇ 8,033 ಅಡಿ. ಇಳಿಯುವ ವೇಗವನ್ನು ಕರಗಿಸುವ ಆಸೆಯಲ್ಲಿ ಮೂತಿಯನ್ನು ಎತ್ತಿ ಹಿಡಿದು, ವಿಮಾನವನ್ನು ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲೇ ತೇಲಿಸುತ್ತ ಅರ್ಧ ರನ್‌ವೇಯನ್ನು ಕಳೆದುಬಿಟ್ಟಿದ್ದೆ. ಪಟ್ಟಿಗೆ ಅದು ಲೆಕ್ಕಕ್ಕೇ ಇರಲಿಲ್ಲ.

ಬಜ್ಪೆಯ ರನ್‌ವೇ ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ಕಟ್ಟಿದ್ದು; ಅದರ ಕೊನೆಯಾಚೆ ಇಳಿಜಾರು ಕಣಿವೆ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812, ಅದೂ 737-800 ವಿಮಾನವೇ, ಇದೇ ರನ್‌ವೇಯ ಮೇಲೆ ಸುಮಾರು 5,200 ಅಡಿ ದಾಟಿ ನೆಲ ಮುಟ್ಟಿ, ನಿಲ್ಲಲು ಜಾಗ ಸಾಲದೆ ಕಣಿವೆಗೆ ಉರುಳಿತು. 158 ಜನ ತೀರಿಕೊಂಡರು, ಎಂಟು ಜನ ಉಳಿದರು. ಮೃದುವಾಗಿ ಇಳಿಯುವ ಹಂಬಲಕ್ಕೂ ಆ ದುರಂತಕ್ಕೂ ಸಂಬಂಧವಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು: ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿ, ಹೆಚ್ಚಿನ ವೇಗದಲ್ಲಿ ಬಂದಿತ್ತು, ಮತ್ತು ಗೋ ಅರೌಂಡ್ ಮಾಡುವಂತೆ, ಅಂದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವಂತೆ, ಸಹ ಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಇಳಿಸುವುದನ್ನೇ ಮುಂದುವರಿಸಿದರು ಎಂದು ತನಿಖೆ ಕಂಡುಕೊಂಡಿತು. ಆದರೆ ಕರಾವಳಿಯ ಎಷ್ಟೋ ಮನೆಗಳು ಇನ್ನೂ ಮರೆಯದ ಆ ಜಾಗದಲ್ಲಿ, ಅರ್ಧ ರನ್‌ವೇ ವ್ಯರ್ಥ ಮಾಡಿದ ಇಳಿತಕ್ಕೆ ಮೊದಲ ಸ್ಥಾನ ಸಿಕ್ಕಿದ್ದು ನನ್ನ ಮನಸ್ಸನ್ನು ಬಹಳ ದಿನ ಕೊರೆಯಿತು.

ಪ್ರಯಾಣಿಕ ವಿಮಾನದ ಲ್ಯಾಂಡಿಂಗ್ ಗೇರನ್ನು, ಅಂದರೆ ಚಕ್ರಗಳನ್ನೂ ಅವನ್ನು ಹೊತ್ತ ಕಾಲುಗಳನ್ನೂ, ಇಳಿಯಲು ಅನುಮತಿಯಿರುವ ಗರಿಷ್ಠ ತೂಕದಲ್ಲೂ, ಸೆಕೆಂಡಿಗೆ 10 ಅಡಿ, ಅಂದರೆ ನಿಮಿಷಕ್ಕೆ 600 ಅಡಿ ವೇಗದ ಇಳಿತವನ್ನು ತಾಳುವಂತೆ ರೂಪಿಸಿರುತ್ತಾರೆ. ನಿಮಿಷಕ್ಕೆ 150 ಅಥವಾ 200 ಅಡಿಯಲ್ಲಿ, ಸರಿಯಾದ ಜಾಗದಲ್ಲಿ, ಸರಿಯಾದ ವೇಗದಲ್ಲಿ ಮುಟ್ಟಿದ ವಿಮಾನ ಚೆನ್ನಾಗಿಯೇ ಇಳಿದಿದೆ. ಜೋರು ಮಳೆಯಲ್ಲಂತೂ ಸ್ವಲ್ಪ ಗಟ್ಟಿಯಾಗಿ ಕೂರಿಸುವುದೇ ಸರಿಯಾದ ಪದ್ಧತಿ, ಏಕೆಂದರೆ ಚಕ್ರಗಳು ನೀರಿನ ಪದರವನ್ನು ಸೀಳಿ ನೆಲವನ್ನು ಹಿಡಿಯಬೇಕು, ರೆಕ್ಕೆಯ ಮೇಲಿನ ಸ್ಪಾಯ್ಲರ್ ಫಲಕಗಳು ತಡಮಾಡದೆ ತೆರೆದುಕೊಂಡು ಭಾರವನ್ನು ಚಕ್ರಗಳಿಗೆ ಇಳಿಸಬೇಕು. ನಮ್ಮ ಪಟ್ಟಿಯಲ್ಲಿ ಹೀಗೆ ಇಳಿಸಿದವರೆಲ್ಲ ಕೆಳಗಿದ್ದಾರೆ.

ಈ ಅಂಕಿಗೆ ಇನ್ನೊಂದು ದೋಷವೂ ಇದೆ. ನೇಪಾಳದ ಲುಕ್ಲಾ ವಿಮಾನ ನಿಲ್ದಾಣ ನಮ್ಮಲ್ಲಿ ಎಲ್ಲರಿಗೂ ಅಚ್ಚುಮೆಚ್ಚು: ರನ್‌ವೇ 527 ಮೀಟರ್ ಉದ್ದ, ಶೇ. 11.7ರಷ್ಟು ಏರು. 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ವೇಗದಲ್ಲಿ ಬರುವ ವಿಮಾನಕ್ಕೆ ಆ ಏರಿನ ನೆಲ ನಿಮಿಷಕ್ಕೆ ಸುಮಾರು 770 ಅಡಿಯಂತೆ ಎದುರೇರಿ ಬಂದ ಹಾಗಾಗುತ್ತದೆ. ಅಲ್ಲಿ ಮಟ್ಟಸವಾಗಿ ಹಾರುತ್ತ ಬಂದು ನೆಲಕ್ಕೆ ಬಡಿದರೂ, ಕೇವಲ ಇಳಿಯುವ ವೇಗವನ್ನು ಓದುವ ತಂತ್ರಾಂಶ ಸೊನ್ನೆಯೆಂದೇ ತೋರಿಸುತ್ತದೆ! ಬಜ್ಪೆಯ ಅಂಕಿಯನ್ನೂ ಲುಕ್ಲಾದ ಅಂಕಿಯನ್ನೂ ಒಂದೇ ಪಟ್ಟಿಯಲ್ಲಿ ಹೋಲಿಸುವುದಕ್ಕೆ ಅರ್ಥವೇ ಇಲ್ಲ.

ಪೈಪೋಟಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಗೆಲ್ಲುವ ಆಸೆ ಇಲ್ಲದಿದ್ದರೆ ಒಂದೇ ಇಳಿತವನ್ನು ನಲವತ್ತು ಬಾರಿ ಅಭ್ಯಾಸ ಮಾಡುವ ತಾಳ್ಮೆ ನನ್ನಲ್ಲಿ ಹುಟ್ಟುತ್ತಿರಲಿಲ್ಲ. ಅಳತೆ ಸರಿಯಿದ್ದಾಗ ಸ್ಪರ್ಧೆ ಎಷ್ಟು ಚೆನ್ನಾಗಿರುತ್ತದೆ ಎಂಬುದನ್ನು ಕಾಂಡೋರ್ ಎಂಬ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಸಿಮ್ಯುಲೇಟರಿನಲ್ಲಿ ಕಂಡಿದ್ದೇನೆ. ಅಲ್ಲಿ ಒಂದು ಸ್ಪರ್ಧೆಗೆ ಹಾರುವ ಎಲ್ಲರಿಗೂ ಒಂದೇ ಹವಾಮಾನ, ಒಂದೇ ಹಾದಿ, ಒಂದೇ ತಿರುವು ಗುರುತುಗಳು. ಇಡೀ ಹಾರಾಟ ದಾಖಲಾಗುವುದರಿಂದ, ಗೆದ್ದವರು ಯಾವ ಬೆಟ್ಟದ ಓರೆಯಲ್ಲಿ ಏರುಗಾಳಿ ಹಿಡಿದರು, ಎಲ್ಲಿ ಸುತ್ತದೆ ನೇರವಾಗಿ ಮುಂದುವರಿದರು ಎಂಬುದನ್ನು ಸೋತವರು ತೆರೆದು ನೋಡಿ ಕಲಿಯಬಹುದು. ಅಲ್ಲಿ ಸೋತ ಸಂಜೆಗಳೂ ನನಗೆ ಪಾಠವಾಗಿವೆ. ಬಜ್ಪೆಯಲ್ಲಿ ಗೆದ್ದ ಸಂಜೆ ನಾನು ಕಲಿತದ್ದು ತಪ್ಪು ಅಭ್ಯಾಸವನ್ನು.

‘ಇದು ಬರೀ ಆಟ, ಇಷ್ಟೇಕೆ ಗಂಭೀರ?’ ಎಂದು ಗೆಳೆಯರೊಬ್ಬರು ಕೇಳಿದರು. ನಿಜವಾದ ಚಾರ್ಟ್, ನಿಜವಾದ ಹವಾಮಾನ, ನಿಜವಾದ ಚೆಕ್‌ಲಿಸ್ಟ್ ಬೇಕೆಂದು ಹಟ ಹಿಡಿಯುವವರು ನಾವೇ. ಅಷ್ಟೆಲ್ಲ ಶ್ರದ್ಧೆಯಿಂದ ಹಾರಿ, ಕೊನೆಯ ಮೂವತ್ತು ಅಡಿಯಲ್ಲಿ ಮಾತ್ರ ಅದನ್ನೆಲ್ಲ ಬದಿಗಿಡುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಹೀಗಾಗಿ ನನ್ನ 38ನ್ನು ಪಟ್ಟಿಯಿಂದ ತೆಗೆಯುವಂತೆ ಗುಂಪಿನವರಿಗೆ ಬರೆದಿದ್ದೇನೆ. ಜೊತೆಗೆ ಮುಂದಿನ ತಿಂಗಳ ಸ್ಪರ್ಧೆಗೆ ನಿಯಮಗಳ ಕರಡನ್ನೂ ಕಳಿಸಿದ್ದೇನೆ. ರನ್‌ವೇಯ ಆರಂಭದಿಂದ 1,000 ಮತ್ತು 1,500 ಅಡಿಗಳ ನಡುವೆ ಮುಟ್ಟಿದವರಿಗೆ ಪೂರ್ಣ ಅಂಕ, ಅದರಾಚೆ ಹೋದಂತೆಲ್ಲ ಕಡಿತ, ನಿಮಿಷಕ್ಕೆ 250 ಅಡಿಯೊಳಗಿನ ಎಲ್ಲ ಇಳಿತಗಳಿಗೂ ಒಂದೇ ಬೆಲೆ. 500 ಅಡಿ ಎತ್ತರಕ್ಕೆ ಬಂದಾಗ ವೇಗವೋ ಇಳಿಯುವ ಕೋನವೋ ಸರಿಯಿಲ್ಲವೆಂದು ಕಂಡು ಗೋ ಅರೌಂಡ್ ಮಾಡಿದವರ ಎರಡನೆಯ ಪ್ರಯತ್ನಕ್ಕೆ ಒಂದಂಕವೂ ಕಡಿಮೆಯಾಗಬಾರದು. ಈ ಕೊನೆಯ ನಿಯಮಕ್ಕೇ ಗುಂಪಿನಲ್ಲಿ ಹೆಚ್ಚು ವಿರೋಧ ಬಂದಿದೆ. ನಾನು ಯಾವ ಕಾರಣಕ್ಕೂ ಕೈಬಿಡದ ನಿಯಮವೂ ಅದೇ.