ಒಣಗದ ಬೈರಾಸು

ಮೊನ್ನೆ ನನ್ನ ಬೈರಾಸು ನೆಲ ಒರೆಸುವ ಬಟ್ಟೆಗಳ ಬಕೆಟ್ಟಿನಲ್ಲಿ ಕಂಡಿತು. ಕೇಳಿದರೆ, "ಎಷ್ಟು ಒಗೆದರೂ ಡೀಸೆಲ್ ವಾಸನೆ ಹೋಗಲಿಲ್ಲ" ಎಂದಳು ಹೆಂಡತಿ. ಅಲಾಸ್ಕ ನೋಡಿ ಬಂದ ಬಟ್ಟೆಗೆ ಇಷ್ಟೇ ಮರ್ಯಾದೆ.

ಅಕ್ಕನ ಮಗ ಸಿಯಾಟಲ್‌ನಲ್ಲಿದ್ದಾನೆ. ಕೈಯಲ್ಲಿ ನಾಲ್ಕು ಕಾಸು ಓಡಾಡಿದರೆ ನಮ್ಮ ಕಡೆಯವರು ಅಡಿಕೆ ತೋಟ ಕೊಳ್ಳುತ್ತಾರೆ. ಇವನು ಮೂವತ್ತೆರಡು ಅಡಿಯ ಹಳೆಯ ದೋಣಿ ಕೊಂಡ. ಅದನ್ನು ಮೂರು ವಾರ ಓಡಿಸಿಕೊಂಡು ಅಲಾಸ್ಕದ ಕೆಚಿಕನ್ ಎಂಬ ಊರಿಗೆ ತಂದು, "ಮಾವ, ಮಳೆ ನಿಮಗೇನು ಹೊಸತೇ? ಬನ್ನಿ" ಎಂದ. ಹೋದೆ. ಅಲ್ಲಿ ವಿಮಾನ ನಿಲ್ದಾಣವೇ ಬೇರೊಂದು ದ್ವೀಪದಲ್ಲಿದೆ. ಊರು ಸೇರಲು ಫೆರಿ ಹತ್ತಬೇಕು. ಹತ್ತುವಾಗ ಹಿಡಿದ ಮಳೆ ಎಂಟು ದಿನ ಬಿಡಲಿಲ್ಲ.

ಬಂದರುಕಟ್ಟೆಯ ಬಳಿ ಮಳೆಯ ಲೆಕ್ಕ ತೋರಿಸುವ ದೊಡ್ಡದೊಂದು ಮಾಪಕ ನಿಲ್ಲಿಸಿದ್ದಾರೆ. ವರ್ಷಕ್ಕೆ ಸುಮಾರು 150 ಇಂಚು, 1949ರಲ್ಲಿ 202 ಇಂಚು. ಅವರು ಅದಕ್ಕಿಟ್ಟಿರುವ ಹೆಸರು ದ್ರವರೂಪದ ಬಿಸಿಲು! ಆಗುಂಬೆಯಲ್ಲಿ ಅದರ ಎರಡು ಪಟ್ಟು, ಸುಮಾರು 300 ಇಂಚು ಸುರಿಯುತ್ತದೆ. ನಾವು ಅದನ್ನು ಮಳೆ ಎಂದೇ ಕರೆಯುತ್ತೇವೆ. ಇದನ್ನು ಅಳಿಯನಿಗೆ ಹೇಳಿದೆ. ಅವನು ಹಗ್ಗ ಬಿಚ್ಚುವುದರಲ್ಲಿದ್ದ.

ನಮ್ಮ ಆರಿದ್ರೆ, ಪುನರ್ವಸು ಎಷ್ಟೇ ಹೊಯ್ದರೂ ನಡುವೆ ಒಂದು ಗಳಿಗೆ ಹೊಳವಾಗುತ್ತದೆ. ಅಲ್ಲಿನ ಮಳೆಯಾದರೋ, ಎದ್ದು ಹೋಗುವ ಮಾತೆತ್ತದ ನೆಂಟ. ಸದ್ದಿಲ್ಲ, ಗುಡುಗಿಲ್ಲ. ಮೊದಲ ದಿನ ಮೈ ಒರೆಸಿಕೊಂಡ ಬೈರಾಸು ಮೂರನೆಯ ದಿನವೂ ಹಸಿ ಹಪ್ಪಳದ ಹಾಗಿತ್ತು. "ಹತ್ತಿಯದು ತರಬಾರದಿತ್ತು ಮಾವ" ಎಂದ ಅಳಿಯ. ನಲವತ್ತು ವರ್ಷಗಳಿಂದ ನನ್ನ ಮೈಬಲ್ಲ ಬಟ್ಟೆ!

ಬಟ್ಟೆ ಒಣಗಿಸುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಮನೆಯ ಬಚ್ಚಲೊಲೆಯ ಮೇಲೆ ಮಾಡಿಗೆ ಕಟ್ಟಿದ ಒಂದು ಬಿದಿರಿನ ಗಳು ಇತ್ತು. ಆಷಾಢದಲ್ಲಿ ಮನೆಮಂದಿಯ ಬಟ್ಟೆಯೆಲ್ಲ ಅದರ ಮೇಲೆ. ಹಂಡೆಗೆ ಅಡಿಕೆ ಹಾಳೆ ಉರಿಸಿದ ದಿನ ಒಂದು ವಾಸನೆ, ಹಲಸಿನ ಕಟ್ಟಿಗೆಗೆ ಇನ್ನೊಂದು. ಶಾಲೆಯಲ್ಲಿ ಮೇಷ್ಟರು ಹಾಜರಿ ಕರೆಯುವಾಗ ತಲೆಯನ್ನೇ ಎತ್ತುತ್ತಿರಲಿಲ್ಲ. ಬಾಗಿಲಲ್ಲಿ ಸುಳಿದ ಹೊಗೆಯಿಂದಲೇ ಯಾವ ಮನೆಯ ಹುಡುಗ ಬಂದನೆಂದು ಹೇಳುತ್ತಿದ್ದರು. ಅಜ್ಜಿಗೆ ಗಳುವಿನ ಮೇಲೂ ಪಂಕ್ತಿಭೇದ. ಬೆಂಕಿಯ ನೇರಕ್ಕೆ ಅಜ್ಜನ ಪಂಚೆ, ಆಮೇಲೆ ಗಂಡಸರದು, ತುದಿಗೆ ಮಕ್ಕಳ ಚಡ್ಡಿ. ನನ್ನ ಚಡ್ಡಿ ಎಂದೂ ಪೂರ್ತಿ ಒಣಗಿದ ನೆನಪಿಲ್ಲ. ಒಮ್ಮೆ ಕದ್ದು ಅಜ್ಜನ ಪಂಚೆಯನ್ನು ತುದಿಗೆ ಸರಿಸಿ ನನ್ನದನ್ನು ನಡುವೆ ಹಾಕಿದೆ. ಅದು ಜಾರಿ ಹಂಡೆಯೊಳಗೆ ಬಿತ್ತು. ಅಂದು ಅಜ್ಜ ಅದೇ ನೀರಿನಲ್ಲಿ ಸ್ನಾನ ಮಾಡಿದರು. ಅವರಿಗೆ ಹೇಳಿದವರು ಯಾರು ಎಂಬುದು ಇನ್ನೂ ನನಗೆ ಗೊತ್ತಾಗಿಲ್ಲ; ತಂಗಿಯ ಮೇಲೆ ಅನುಮಾನವಿದೆ.

ಅಳಿಯನ ದೋಣಿಯಲ್ಲೂ ಒಂದು ಡೀಸೆಲ್ ಹೀಟರ್ ಇತ್ತು. ಅದರ ಮೇಲೆ ಏನನ್ನೂ ಹಾಕಕೂಡದು ಎಂಬ ನಿಯಮವೂ ಇತ್ತು. ಅವನ ಕಾಲುಚೀಲಗಳಿಗೆ ಆ ನಿಯಮ ಅನ್ವಯಿಸುತ್ತಿರಲಿಲ್ಲ. ನೆಲದ ಮೇಲೆ ತಗ್ಗಿ ಬಗ್ಗಿ ಮಾತಾಡುವವನು ದೋಣಿಯಲ್ಲಿ ನನಗೆ ಅಪ್ಪಣೆ ಕೊಡುತ್ತಿದ್ದ.

ಕೆಚಿಕನ್ ಬಳಿ ಕಡಲು ಒಳನುಗ್ಗಿದ ಕಣಿವೆಗಳ ಸೀಮೆ ಮಿಸ್ಟಿ ಫಿಯರ್ಡ್ಸ್‌ನ ಬಗ್ಗೆಯೂ ಬರೆಯಬೇಕು. ನೀರಿನಿಂದ ನೆಟ್ಟಗೆ ಮೂರು ಸಾವಿರ ಅಡಿ ಎದ್ದ ಕಲ್ಲುಗೋಡೆ, ಅದರ ಮೈಮೇಲೆಲ್ಲ ಹೆಸರಿಲ್ಲದ ಜಲಪಾತಗಳು. ದಡದ ಪಕ್ಕದಲ್ಲೇ ಲಂಗರು ನಿಲುಕದಷ್ಟು ಆಳ. ಸರ್ಕಾರ ತೇಲಿಬಿಟ್ಟ ಬೋಯಾಕ್ಕೆ ದೋಣಿ ಕಟ್ಟಿ ಮಲಗಿದೆವು. ಎರಡು ದಿನ ಇನ್ನೊಂದು ನರಪಿಳ್ಳೆ ಕಾಣಲಿಲ್ಲ. ಕಿಟಕಿಯ ಒಳಮೈಯಿಂದ ನೀರು ಇಳಿದು ದಿಂಬು ಸೇರುತ್ತಿತ್ತು. ಇಂಥ ಮೌನದಲ್ಲಿ ಮನುಷ್ಯನಿಗೆ ಏನೋ ಹೊಳೆಯುತ್ತದಂತೆ. ನನಗೆ ಹೊಳೆದದ್ದು, ದೋಣಿಯಲ್ಲಿ ಅತ್ಯಂತ ಬೆಚ್ಚಗಿನ ಜಾಗ ಈಗಷ್ಟೇ ನಿಂತ ಎಂಜಿನ್ನಿನ ನೆತ್ತಿ ಎಂಬುದು.

ಮರುದಿನ ನ್ಯೂ ಎಡಿಸ್ಟೋನ್ ಬಂಡೆಯ ಹತ್ತಿರ, 1793ರಲ್ಲಿ ಇಂಗ್ಲಿಷ್ ನಾವಿಕ ವ್ಯಾಂಕೂವರ್ ಹೆಸರಿಟ್ಟ ಕಂಬದಂಥ ಬಂಡೆ ಅದು, ಅಳಿಯ ಥಟ್ಟನೆ ಎಂಜಿನ್ ಆರಿಸಿದ. "ತಿಮಿಂಗಿಲ ಮಾವ!" ಎಂದು ಪಿಸುಗುಟ್ಟಿ ಮುಂದಕ್ಕೆ ಓಡಿದ. ನಾನು ಬೈರಾಸು ಹಿಡಿದು ಹಿಂದಕ್ಕೆ ಓಡಿದೆ.

ಅವನು ತೆಗೆದ ಫೋಟೊ ನಮ್ಮ ಕುಟುಂಬದ ಗುಂಪಿನಲ್ಲಿ ಎಲ್ಲರಿಗೂ ತಲುಪಿದೆ. ದೂರದಲ್ಲಿ ನೀರೊಳಗೆ ಇಳಿಯುತ್ತಿರುವ ಬಾಲ. ಈಚೆಗೆ, ಎಂಜಿನ್ ಗೂಡಿನ ಬಾಯಿಂದ ಹೊರಚಾಚಿದ ನನ್ನ ಎರಡು ಕಾಲುಗಳು.