ಕಾಲೇಜು ಟೇಪ್ ನೋಡಿ ಕ್ವಾರ್ಟರ್‌ಬ್ಯಾಕ್‌ನ ಎನ್‌ಎಫ್‌ಎಲ್ ಭವಿಷ್ಯ ಹೇಳಬಹುದೇ?

ಪ್ರತಿ ಏಪ್ರಿಲ್ ಕೊನೆಯಲ್ಲಿ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 32 ತಂಡಗಳು ಏಳು ಸುತ್ತಿನ ಡ್ರಾಫ್ಟಿನಲ್ಲಿ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಐಪಿಎಲ್ ಹರಾಜಿನ ಹಾಗೆ ದುಡ್ಡು ಕೂಗುವಂತಿಲ್ಲ, ಸರದಿಯಷ್ಟೇ. ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಆ ಸರದಿ ಬಹಳ ಸಲ ಖರ್ಚಾಗುವುದು ಕ್ವಾರ್ಟರ್‌ಬ್ಯಾಕ್ ಮೇಲೆ: ಚೆಂಡು ಕೈಗೆ ಬಂದ ಎರಡೂವರೆ, ಮೂರು ಸೆಕೆಂಡಿನೊಳಗೆ ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವವನ ಮೇಲೆ. ಆಯ್ಕೆ ತಪ್ಪಿದರೆ ಕೋಚ್, ಮ್ಯಾನೇಜರ್ ಇಬ್ಬರ ಕೆಲಸಕ್ಕೂ ಕುತ್ತು.

ಪರ: ಮೊಳಕೆ ಕಾಣುತ್ತದೆ, ನೋಡುವ ಕಡೆ ನೋಡಿದರೆ

ಕ್ವಾರ್ಟರ್‌ಬ್ಯಾಕ್ ಆಯ್ಕೆ ಬರೀ ಲಾಟರಿ ಎನ್ನುವವರಲ್ಲಿ ಹೆಚ್ಚಿನವರು ಅಂಕಿಪಟ್ಟಿ ನಂಬಿ ಕೆಟ್ಟವರು. ಕಾಲೇಜಿನ ಅಂಕಿ ಮೋಸ ಮಾಡುತ್ತದೆ, ಒಪ್ಪೋಣ. ಆದರೆ ಅದು ಯಾಕೆ ಮೋಸ ಮಾಡುತ್ತದೆ ಎನ್ನುವುದು ಗೊತ್ತಿರುವಾಗ ಅದನ್ನು ಸರಿಪಡಿಸಿಕೊಳ್ಳುವುದು ಕಷ್ಟವೇನಲ್ಲ.

ಮೊದಲು ಮೈದಾನ. ಎರಡೂ ಕಡೆ ಅಗಲ ಒಂದೇ, 160 ಅಡಿ. ಆದರೆ ಆಟ ಶುರುವಾಗುವ ಜಾಗವನ್ನು ಗುರುತಿಸುವ ಹ್ಯಾಶ್ ಗೆರೆಗಳ ನಡುವೆ ಕಾಲೇಜಿನಲ್ಲಿ 40 ಅಡಿ ಅಂತರ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಕಾಲೇಜಿನಲ್ಲಿ ಚೆಂಡು ಎಡ ಹ್ಯಾಶ್ ಮೇಲಿದ್ದರೆ ಬಲಕ್ಕೆ 100 ಅಡಿ ಬಯಲು ಬಿದ್ದಿರುತ್ತದೆ. ಅದನ್ನು ಕಾಯಲು ರಕ್ಷಣಾ ಪಡೆ ಆ ಕಡೆ ವಾಲಲೇಬೇಕು, ವಾಲಿದೊಡನೆ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ಎನ್‌ಎಫ್‌ಎಲ್‌ನಲ್ಲಿ ಚೆಂಡು ಹೆಚ್ಚುಕಡಿಮೆ ನಡುಮಧ್ಯೆ ಇರುವುದರಿಂದ ಹಿಂಬದಿ ಕಾಯುವ ಸೇಫ್ಟಿಗಳು ಕೊನೆಯ ಕ್ಷಣದವರೆಗೆ ಮುಖವಾಡ ಕಳಚುವುದಿಲ್ಲ. ಇನ್ನೊಂದು ನಿಯಮವಿದೆ. ಓಟವೋ ಎಸೆತವೋ ಎಂದು ಕ್ವಾರ್ಟರ್‌ಬ್ಯಾಕ್ ಆಟದ ನಡುವೆಯೇ ನಿರ್ಧರಿಸುವ ಆರ್‌ಪಿಒದಲ್ಲಿ, ಎಸೆತಕ್ಕೆ ಮುನ್ನ ಅವನಿಗೆ ಅಡ್ಡಗೋಡೆಯಾಗಿ ನಿಲ್ಲುವ ಲೈನ್‌ಮನ್‌ಗಳು ಕಾಲೇಜಿನಲ್ಲಿ 3 ಗಜ ಮುಂದೆ ನುಗ್ಗಬಹುದು, ಎನ್‌ಎಫ್‌ಎಲ್‌ನಲ್ಲಿ 1 ಗಜ ಮಾತ್ರ. ಈ ಎರಡು ಗಜದ ರಿಯಾಯಿತಿಯಲ್ಲೇ ಎಷ್ಟೋ ಹುಡುಗರ ಶೇಕಡಾ 70 ಎಸೆತ ಗುರಿ ಮುಟ್ಟಿತೆಂಬ ಲೆಕ್ಕ ನಿಂತಿದೆ.

ಹಾಗಾಗಿ ಟೇಪ್, ಅಂದರೆ ಪಂದ್ಯದ ವಿಡಿಯೊ, ನೋಡುವ ಮೊದಲು ಕಾಳು-ಜೊಳ್ಳು ತೂರಬೇಕು. ನಾಲ್ಕೈದು ಪಂದ್ಯ ಆರಿಸಿ: ಇದ್ದುದರಲ್ಲೇ ಬಲಿಷ್ಠ ಎದುರಾಳಿಯ ವಿರುದ್ಧ ಒಂದು, ಎದುರಾಳಿಯ ಊರಲ್ಲಿ ಒಂದು, ಕೆಟ್ಟದಾಗಿ ಸೋತದ್ದು ಒಂದು, ಹಿಂದಿನ ವರ್ಷದ್ದು ಒಂದು. ಟೀವಿಯ ಚಿತ್ರ ಸಾಲದು, 22 ಜನರೂ ಕಾಣುವ ಕೋಚ್‌ಗಳ ಕೋನ ಬೇಕು. ಒಂದು ಪಂದ್ಯದಲ್ಲಿ 35 ಎಸೆತ ಇದ್ದರೆ ಗೆರೆಯ ಹಿಂದೆಯೇ ಎಸೆಯುವ ಸ್ಕ್ರೀನ್ ಪಾಸು, ಆರ್‌ಪಿಒ, ಸ್ನ್ಯಾಪ್ (ಚೆಂಡು ಹಿಂದಕ್ಕೆ ಕೈಗೆ ಬರುವ ಕ್ಷಣ) ಆದೊಡನೆ ಪಕ್ಕಕ್ಕೆ ತಳ್ಳುವ ಚಿಕ್ಕ ಎಸೆತ, ಎಲ್ಲ ಹೊರಗಿಡಿ. ಕೆಲವೊಮ್ಮೆ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಆ ಹುಡುಗನ ನಿಜವಾದ ಪರೀಕ್ಷಾ ಪತ್ರಿಕೆ ಅದು.

ಒಂದೇ ಒಂದು ಸ್ನ್ಯಾಪ್ ಹತ್ತಿರದಿಂದ ನೋಡೋಣ. ಮೂರನೇ ಡೌನ್ (10 ಗಜ ಮುಂದುವರಿಯಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಇನ್ನೂ 8 ಗಜ ಬೇಕು. ಸ್ನ್ಯಾಪ್‌ಗೆ ಮುಂಚೆ ಹಿಂದೆ ಇಬ್ಬರು ಸೇಫ್ಟಿಗಳು ನಿಂತಿದ್ದಾರೆ. ಚೆಂಡು ಕೈಗೆ ಬಂದೊಡನೆ ಒಬ್ಬ ಕೆಳಗಿಳಿದು ನಡುವಿನ ದಾರಿ ಮುಚ್ಚುತ್ತಾನೆ, ಇನ್ನೊಬ್ಬ ಮಧ್ಯಕ್ಕೆ ಜಾರುತ್ತಾನೆ. ಈಗ ಚೆಂಡನ್ನು ಮರೆತು ಹುಡುಗನ ಹೆಲ್ಮೆಟ್ಟಿನ ಮುಖಜಾಲರಿ ಎತ್ತ ತಿರುಗುತ್ತದೆ, ಪಾದ ಏನು ಮಾಡುತ್ತದೆ ಎಂದಷ್ಟೇ ನೋಡಿ. ಪಳಗಿದವನಾದರೆ ಹಿಂದಿನ ಕಾಲು ನೆಲ ಕಚ್ಚುವ ಹೊತ್ತಿಗೆ ಎಸೆತ ಹಿಡಿಯಬೇಕಾದ ಮೊದಲನೆಯ ರಿಸೀವರ್‌ನನ್ನು ಬಿಟ್ಟು ಎರಡನೆಯವನತ್ತ ತಿರುಗಿರುತ್ತಾನೆ. ಕಣ್ಣು ತಿರುಗಿದಷ್ಟೇ ಸೊಂಟ ಮತ್ತು ಪಾದವೂ ತಿರುಗಿರುತ್ತವೆ. ಪಳಗದವನು ಮೊದಲನೆಯವನನ್ನೇ ದಿಟ್ಟಿಸಿ ನಿಂತು, ಅವನು ಬಿಡುವಾದದ್ದು ಕಣ್ಣಿಗೆ ಕಂಡ ಮೇಲೆ ಎಸೆಯುತ್ತಾನೆ. ಕಾಲೇಜಿನಲ್ಲಿ ಅದೂ ನಡೆದುಹೋಗುತ್ತದೆ. ಎನ್‌ಎಫ್‌ಎಲ್‌ನಲ್ಲಿ ಆ ಅರ್ಧ ಸೆಕೆಂಡಿನಲ್ಲಿ ಚೆಂಡು ಎದುರಾಳಿಯ ಕೈಯಲ್ಲಿರುತ್ತದೆ.

ಸಂಖ್ಯೆಗಳಲ್ಲಿ ನಂಬಬಹುದಾದದ್ದು ಒತ್ತಡ-ಸ್ಯಾಕ್ ಲೆಕ್ಕ. ಎದುರಾಳಿ ಮೈಮೇಲೆ ಬಂದ 100 ಸಲದಲ್ಲಿ ಎಷ್ಟು ಸಲ ಚೆಂಡಿನೊಂದಿಗೆ ನೆಲಕ್ಕೆ ಬಿದ್ದ? 15ರ ಒಳಗಿದ್ದರೆ ಬಹಳ ಒಳ್ಳೆಯದು, 25 ದಾಟಿದರೆ ಯೋಚಿಸಬೇಕು. ಇದನ್ನು ಅಧಿಕೃತ ಪಟ್ಟಿಯಿಂದ ತೆಗೆಯಲು ಹೋಗಬೇಡಿ. ಕಾಲೇಜಿನಲ್ಲಿ ಸ್ಯಾಕ್‌ನ ನಷ್ಟವನ್ನು ಓಟದ ಗಜಗಳಲ್ಲಿ ಕಳೆಯುತ್ತಾರೆ, ಹಾಗಾಗಿ ಪಟ್ಟಿಯೇ ಕಲಸುಮೇಲೋಗರ. ಟೇಪ್ ನೋಡಿ ಕೈಯಾರೆ ಎಣಿಸಬೇಕು. ಕೆಟ್ಟ ಲೈನ್ ಇದ್ದವನಿಗೆ ಒತ್ತಡ ಹೆಚ್ಚಾಗಬಹುದು. ಆದರೆ ಒತ್ತಡ ಸ್ಯಾಕ್ ಆಗುವುದು ಬಹುಪಾಲು ಅವನದೇ ಅಭ್ಯಾಸ, ಮತ್ತು ಆ ಅಭ್ಯಾಸ ಹುಡುಗನ ಜತೆಗೇ ಎನ್‌ಎಫ್‌ಎಲ್‌ಗೂ ಬರುತ್ತದೆ.

ಇನ್ನೊಂದು, ಎಷ್ಟು ಪಂದ್ಯ ಆರಂಭಿಸಿದ್ದಾನೆ, ಅಂದರೆ ಮೊದಲ ಹನ್ನೊಂದರಲ್ಲಿ ಕಣಕ್ಕಿಳಿದಿದ್ದಾನೆ ಎನ್ನುವುದು. ಮೂರು ವರ್ಷ ಆಡಿದವನು, ಕನಿಷ್ಠ 23 ಗೆಲುವು ಕಂಡವನು, ಓದು ಮುಗಿಸಿದ ಹಿರಿಯ ವಿದ್ಯಾರ್ಥಿ, ಇಂಥವನನ್ನೇ ತೆಗೆದುಕೊಳ್ಳಿ ಎನ್ನುವುದು ಕೋಚ್ ಬಿಲ್ ಪಾರ್ಸೆಲ್ಸ್ ಹೆಸರಿನಲ್ಲಿ ಓಡಾಡುವ ಹಳೆಯ ಸೂತ್ರ. ಅದನ್ನು ಮೀರಿದವರ ಕಥೆ ನೋಡಿ. 2017ರಲ್ಲಿ ಚಿಕಾಗೊ ಬೇರ್ಸ್ ಒಂದೇ ಒಂದು ಸ್ಥಾನ ಮೇಲೇರಲು ಮೂರು ಹೆಚ್ಚುವರಿ ಆಯ್ಕೆಗಳನ್ನು ತೆತ್ತು ಮಿಚೆಲ್ ಟ್ರುಬಿಸ್ಕಿಯನ್ನು ಎರಡನೆಯವನಾಗಿ ಆರಿಸಿತು. ಕಾಲೇಜಿನಲ್ಲಿ ಅವನು ಆರಂಭಿಸಿದ್ದು 13 ಪಂದ್ಯ. 2021ರ ಮೂರನೇ ಆಯ್ಕೆ ಟ್ರೇ ಲ್ಯಾನ್ಸ್, 17 ಪಂದ್ಯ. 2023ರ ನಾಲ್ಕನೇ ಆಯ್ಕೆ ಆಂಥೊನಿ ರಿಚರ್ಡ್‌ಸನ್, ಮತ್ತೆ 13. 2024ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಅವನ ಎಸೆತಗಳು ಗುರಿ ಮುಟ್ಟಿದ್ದು ಶೇ. 47.7. ಹದಿಮೂರು ಪಂದ್ಯದ ಟೇಪಿನಲ್ಲಿ ಹುಡುಗನ ತೋಳು ಕಾಣುತ್ತದೆ. ತಪ್ಪಿನಿಂದ ಅವನು ಏನು ಕಲಿತ ಎನ್ನುವುದು ಕಾಣುವಷ್ಟು ಆಟ ಅದರಲ್ಲಿ ಇರುವುದೇ ಇಲ್ಲ.

ಮುಂದೆ ಲೀಗಿನ ದಿಗ್ಗಜನಾದ ಟಾಮ್ ಬ್ರೇಡಿ 199ನೆಯವನಾಗಿ ಆಯ್ಕೆಯಾದ ಮಾತು ಯಾವಾಗಲೂ ಎದ್ದೇ ಏಳುತ್ತದೆ. ಅವನನ್ನು ಕೆಳಗೆ ತಳ್ಳಿದ್ದು ಟೇಪಲ್ಲ, ಸ್ಟಾಪ್‌ವಾಚು ಮತ್ತು ಅಳತೆಪಟ್ಟಿ: ಒಣಕಲು ಮೈ, 40 ಗಜಕ್ಕೆ 5.28 ಸೆಕೆಂಡು. 2000ದ ಜನವರಿಯ ಆರೆಂಜ್ ಬೌಲ್‌ನಲ್ಲಿ ಅಲಬಾಮಾ ವಿರುದ್ಧ ಎರಡು ಸಲ 14 ಅಂಕ ಹಿಂದೆ ಬಿದ್ದ ತನ್ನ ಮಿಶಿಗನ್ ಕಾಲೇಜು ತಂಡವನ್ನು 369 ಗಜ, 4 ಟಚ್‌ಡೌನ್ (ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿಸಿ ಪಡೆಯುವ ಅಂಕ) ಎಸೆದು 35-34ರಿಂದ ಗೆಲ್ಲಿಸಿದ ಟೇಪ್ ಆಗಲೇ ಎಲ್ಲರ ಬಳಿ ಇತ್ತು. ಅಂಗೈ ಅಗಲ ಅಳೆಯುವುದು, 12 ನಿಮಿಷದಲ್ಲಿ 50 ಪ್ರಶ್ನೆಯ ವಂಡರ್ಲಿಕ್ ಪರೀಕ್ಷೆ ಬರೆಸುವುದು, ಇವೆಲ್ಲ ಕಾಲಹರಣ. ಆ ಪರೀಕ್ಷೆಯನ್ನಂತೂ 2022ರಿಂದ ಡ್ರಾಫ್ಟಿಗೆ ಮುಂಚಿನ ಪರೀಕ್ಷಾ ಶಿಬಿರವಾದ ಕಂಬೈನ್‌ನಲ್ಲಿ ಕೈಬಿಟ್ಟಿದ್ದಾರೆ, ಒಳ್ಳೆಯದೇ ಆಯಿತು.

ವಿರೋಧ: ಬೀಜ ನೋಡಿ ಬೆಳೆಯ ತೂಕ ಹೇಳಿದಂತೆ

ಆರೆಂಜ್ ಬೌಲ್ ಟೇಪ್ ಎಲ್ಲರ ಬಳಿ ಇತ್ತು ನಿಜ. ಆದರೂ ಬ್ರೇಡಿಗಿಂತ ಮೊದಲು ಆರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು. ಅವನನ್ನು ಕೊನೆಗೆ ಆರಿಸಿದ ನ್ಯೂ ಇಂಗ್ಲೆಂಡ್ ಕೂಡ ಅವನಿಗಿಂತ ಮೊದಲು ಬೇರೆ ಆರು ಮಂದಿಯನ್ನು ತೆಗೆದುಕೊಂಡಿತ್ತು. ಫಲಿತಾಂಶ ಗೊತ್ತಾದ ಮೇಲೆ ಟೇಪಿನಲ್ಲಿ ಲಕ್ಷಣ ಹುಡುಕುವುದು ಹೆತ್ತ ಮೇಲೆ ಮಗು ಗಂಡೋ ಹೆಣ್ಣೋ ಎಂದು ಭವಿಷ್ಯ ಹೇಳಿದ ಹಾಗೆ.

ಪಾರ್ಸೆಲ್ಸ್ ಸೂತ್ರವನ್ನೇ ಹಿಡಿಯೋಣ. 2017ರಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಮೂರನೇ ವರ್ಷಕ್ಕೇ ಕಾಲೇಜು ಬಿಟ್ಟು ಬಂದವನು. 2016ರಲ್ಲಿ ಅವನ ಟೆಕ್ಸಸ್ ಟೆಕ್ ತಂಡ 5 ಗೆದ್ದು 7 ಸೋತಿತ್ತು. ಒಕ್ಲಹೋಮಾ ವಿರುದ್ಧ ಅವನು ಒಂದೇ ಪಂದ್ಯದಲ್ಲಿ 734 ಗಜ ಎಸೆದರೂ ತಂಡ 66-59ರಿಂದ ಸೋತಿತು. ಹಿಂಗಾಲ ಮೇಲೆ ನಿಂತು ಎಸೆಯುತ್ತಾನೆ, ಲೈನ್‌ಮನ್‌ಗಳು ಕಟ್ಟಿದ ರಕ್ಷಣೆಯ ಗೂಡಿನಿಂದ (ಪಾಕೆಟ್) ಸುಮ್ಮನೆ ಓಡಿಹೋಗುತ್ತಾನೆ, ಎಸೆತವನ್ನೇ ನೆಚ್ಚಿದ ಏರ್ ರೇಡ್ ಪದ್ಧತಿಯ ಕೂಸು ಎಂಬ ಆಕ್ಷೇಪಗಳಿದ್ದವು. ಮೇಲಿನ ಲೇಖನದ ಜರಡಿಯಲ್ಲಿ ಅವನು ಉಳಿಯುತ್ತಿದ್ದನೇ? ಕಾನ್ಸಸ್ ಸಿಟಿಯ ಆಂಡಿ ರೀಡ್ ಅವನನ್ನು ಹತ್ತನೆಯವನಾಗಿ ಆರಿಸಿ, ಒಂದು ವರ್ಷ ಅಲೆಕ್ಸ್ ಸ್ಮಿತ್ ಹಿಂದೆ ಕೂರಿಸಿದರು. ಮರುವರ್ಷ 50 ಟಚ್‌ಡೌನ್, ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ. ಹದಿಮೂರು ಪಂದ್ಯದ ಲೆಕ್ಕಕ್ಕೂ ಎದುರು ಉದಾಹರಣೆ ಉಂಟು: ಆಬರ್ನ್‌ನಲ್ಲಿ 14 ಪಂದ್ಯವಷ್ಟೇ ಆರಂಭಿಸಿದ ಕ್ಯಾಮ್ ನ್ಯೂಟನ್ 2011ರ ಮೊದಲ ಆಯ್ಕೆ, 2015ರ ಶ್ರೇಷ್ಠ ಆಟಗಾರ.

ಗುರಿಯ ವಿಷಯಕ್ಕೆ ಬಂದರೆ ಜಾಶ್ ಆಲನ್. ವಯೋಮಿಂಗ್‌ನಲ್ಲಿ ಒಟ್ಟು ಶೇ. 56.2. ಗುರಿ ಕಲಿಸಿ ಬರುವುದಲ್ಲ ಎಂದು 2018ರಲ್ಲಿ ಬಲ್ಲವರೇ ಬರೆದರು. ಬಫಲೋದಲ್ಲಿ ಮೊದಲ ವರ್ಷ 52.8, ಎರಡನೇ ವರ್ಷ 58.8, ಮೂರನೇ ವರ್ಷ 69.2. ಇದರ ಸುಳಿವು ಯಾವ ಕಾಲೇಜು ಟೇಪಿನಲ್ಲಿತ್ತು? ಜೋ ಬರೋ ಕಾಲೇಜಿನಲ್ಲಿದ್ದಾಗಲೇ ಇಂಥ ನೆಗೆತ ಕಂಡವನು: ಎಲ್‌ಎಸ್‌ಯುನಲ್ಲಿ 2018ರಲ್ಲಿ 16 ಟಚ್‌ಡೌನ್, 2019ರಲ್ಲಿ 60. ಒಂದು ವರ್ಷ ಮುಂಚೆ ಡ್ರಾಫ್ಟಿಗೆ ಬಂದಿದ್ದರೆ ಯಾವ ಸುತ್ತಿನಲ್ಲಿ ಹೋಗುತ್ತಿದ್ದನೋ.

ಕೌಶಲವೆಂಬುದು ಹುಡುಗನೊಳಗೆ ಕೂತಿರುವ ಸ್ಥಿರ ವಸ್ತು, ಅಳೆದರೆ ಸಿಗುತ್ತದೆ ಎನ್ನುವುದೇ ಪರವಾದಿಗಳ ಮೂಲ ತಪ್ಪು. ಜೇರೆಡ್ ಗಾಫ್ 2016ರ ಮೊದಲ ಆಯ್ಕೆ. ಆ ವರ್ಷ ಲಾಸ್ ಏಂಜಲಿಸ್ ರ‍್ಯಾಮ್ಸ್ ಪರ ಆರಂಭಿಸಿದ ಏಳಕ್ಕೆ ಏಳೂ ಸೋಲು, 5 ಟಚ್‌ಡೌನ್, 7 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ). ವಿಫಲ ಎಂದು ಷರಾ ಬರೆದಾಗಿತ್ತು. ಮರುವರ್ಷ ಶಾನ್ ಮೆಕ್‌ವೇ ಕೋಚ್ ಆಗಿ ಬಂದರು. ಸ್ನ್ಯಾಪ್‌ಗೆ ಮೊದಲೇ ಆಟಗಾರನನ್ನು ಅಡ್ಡಡ್ಡ ಓಡಿಸಿ ರಕ್ಷಣೆಯ ಗುಟ್ಟು ಹೊರಗೆಡಹುವುದು, ಓಟದ ನಟನೆ ಮಾಡಿ ಎಸೆಯುವುದು, ಸ್ನ್ಯಾಪ್‌ನ ಗಡುವಿಗೆ 15 ಸೆಕೆಂಡು ಉಳಿದಾಗ ಹೆಲ್ಮೆಟ್ ರೇಡಿಯೊ ಕಡಿದುಹೋಗುವ ಮುಂಚೆಯೇ ಸಾಲು ಕಟ್ಟಿಸಿ ಎದುರಾಳಿಯ ಜೋಡಣೆಯನ್ನು ತಾವೇ ಓದಿ ಕಿವಿಗೆ ಹೇಳುವುದು. ಅದೇ ಗಾಫ್, ಅದೇ ತೋಳು: 28 ಟಚ್‌ಡೌನ್, 7 ಇಂಟರ್‌ಸೆಪ್ಷನ್. 2018ರ ಸಾಲಿನಲ್ಲಿ ಲೀಗಿನ ಅಂತಿಮ ಪಂದ್ಯ ಸೂಪರ್ ಬೌಲ್‌ಗೆ ಪ್ರವೇಶ. ಕಾಲೇಜು ಟೇಪ್ ಎರಡು ಸಲವೂ ಒಂದೇ ಇತ್ತಲ್ಲ?

ತಿರುಗುಮುರುಗಾದ ಕಥೆಯೂ ಇದೆ. ಮ್ಯಾಕ್ ಜೋನ್ಸ್ 2021ರಲ್ಲಿ ನ್ಯೂ ಇಂಗ್ಲೆಂಡನ್ನು ಪ್ಲೇಆಫ್‌ಗೆ ಒಯ್ದ ಹೊಸಬ. ಮರುವರ್ಷ ಅವನ ಆಟ ಹೆಣೆಯುತ್ತಿದ್ದ ಕೋಚ್ ಬೇರೆ ತಂಡಕ್ಕೆ ಹೋದರು, ಆಟ ಹೇಳುವ ಕೆಲಸ ರಕ್ಷಣಾ ವಿಭಾಗದಲ್ಲಿ ಹೆಸರು ಮಾಡಿದ್ದ ಮ್ಯಾಟ್ ಪ್ಯಾಟ್ರಿಷಿಯಾ ಪಾಲಿಗೆ ಬಂತು. ಜೋನ್ಸ್ ಮತ್ತೆ ಅಲ್ಲಿ ಚೇತರಿಸಿಕೊಳ್ಳಲಿಲ್ಲ. ಅದಕ್ಕೂ ಹಿಂದೆ, 2002ರಲ್ಲಿ ಹೊಸ ತಂಡ ಹ್ಯೂಸ್ಟನ್ ಟೆಕ್ಸನ್ಸ್ ತನ್ನ ಮೊದಲ ಆಯ್ಕೆ ಡೇವಿಡ್ ಕಾರ್‌ನನ್ನು ಜಾಳುಜಾಳಾದ ಲೈನ್ ಹಿಂದೆ ನಿಲ್ಲಿಸಿತು. ಮೊದಲ ಸಾಲಿನಲ್ಲೇ 76 ಸ್ಯಾಕ್, ಇಂದಿಗೂ ಲೀಗ್ ದಾಖಲೆ. ಪೆಟ್ಟು ತಿಂದವನ ಕಣ್ಣು ರಿಸೀವರ್ ಬಿಟ್ಟು ಮೈಮೇಲೆ ಬರುವವನತ್ತ ಇಳಿಯುತ್ತದೆ, ಪಾದ ನೆಲ ಕಚ್ಚುವುದಿಲ್ಲ. ಅಭ್ಯಾಸ ಹುಡುಗನ ಜತೆ ಬರುತ್ತದೆ ಎಂದರಲ್ಲ, ಕೆಟ್ಟ ಅಭ್ಯಾಸವನ್ನು ಎನ್‌ಎಫ್‌ಎಲ್ ಕೂಡ ಧಾರಾಳವಾಗಿ ಕಲಿಸುತ್ತದೆ.

ಕಾಯುವ ವ್ಯವಧಾನ ಇಲ್ಲದಂತೆ ಮಾಡಿದ್ದು ದುಡ್ಡಿನ ಲೆಕ್ಕಾಚಾರ. 2010ರ ಮೊದಲ ಆಯ್ಕೆ ಸ್ಯಾಮ್ ಬ್ರಾಡ್‌ಫರ್ಡ್‌ಗೆ 5 ಕೋಟಿ ಡಾಲರ್ ಖಾತರಿ ಸಿಕ್ಕಿತ್ತು. 2011ರಲ್ಲಿ ಹೊಸಬರ ವೇತನಕ್ಕೆ ಮಿತಿ ಬಂದು ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿಯಷ್ಟೇ ಆಯಿತು. ಈಗ ಕ್ವಾರ್ಟರ್‌ಬ್ಯಾಕ್ ಅಗ್ಗವಾಗಿರುವ ನಾಲ್ಕು ವರ್ಷದಲ್ಲೇ ಗೆದ್ದುಬಿಡಬೇಕೆಂದು ತಂಡಗಳು ಹುಡುಗನನ್ನು ಮೊದಲ ದಿನವೇ ಕಣಕ್ಕಿಳಿಸುತ್ತವೆ. ಆರನ್ ರಾಡ್ಜರ್ಸ್‌ಗೆ ಸಿಕ್ಕ ಮೂರು ವರ್ಷದ ಕಾಯುವಿಕೆ ಈಗ ಅಪರೂಪ. 2021ರ ಮೊದಲ ಸುತ್ತಿನ ಐವರು ಕ್ವಾರ್ಟರ್‌ಬ್ಯಾಕ್‌ಗಳಲ್ಲಿ 2024ರ ಸಾಲು ಶುರುವಾಗುವ ಹೊತ್ತಿಗೆ ತನ್ನ ಮೂಲ ತಂಡದಲ್ಲಿ ಉಳಿದವನು ಟ್ರೆವರ್ ಲಾರೆನ್ಸ್ ಒಬ್ಬನೇ. ಐವರ ಟೇಪೂ ಒಟ್ಟಿಗೆ ಸುಳ್ಳು ಹೇಳಿತೇ, ಅಥವಾ ಹೋದ ಮನೆಗಳು ಸರಿ ಇರಲಿಲ್ಲವೇ?

ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಕೇಡ್ ಮ್ಯಾಸಿ ಎಲ್ಲ ಸ್ಥಾನಗಳ ಆಯ್ಕೆಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದ್ದರು. ಒಂದೇ ಸ್ಥಾನದಲ್ಲಿ ಮೊದಲು ಆಯ್ಕೆಯಾದವನು ಅವನ ನಂತರ ಆಯ್ಕೆಯಾದವನಿಗಿಂತ ಮೇಲಾಗುವ ಸಾಧ್ಯತೆ ಶೇ. 52ರ ಆಸುಪಾಸು. ನಾಣ್ಯ ಚಿಮ್ಮಿದರೆ 50. ಟೇಪ್ ನೋಡುವುದೇ ವ್ಯರ್ಥ ಎಂದು ನಮ್ಮ ವಾದವಲ್ಲ. ಯಾರು ಖಂಡಿತ ಆಗುವುದಿಲ್ಲ ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ಆದರೆ ಮೇಲಿನ ಹತ್ತು ಜನರನ್ನು ಸಾಲಾಗಿ ನಿಲ್ಲಿಸುವ ಶಕ್ತಿ ಅದಕ್ಕಿಲ್ಲ, ಮತ್ತು ತಂಡಗಳು ಕೋಟಿಗಟ್ಟಲೆ ಸುರಿಯುವುದು ಆ ಸಾಲಿನ ಮೇಲೆಯೇ.

ಸ್ಯಾನ್ ಫ್ರಾನ್ಸಿಸ್ಕೊ ಟ್ರೇ ಲ್ಯಾನ್ಸ್‌ಗಾಗಿ ಮೂರು ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟಿತು. ಮರುವರ್ಷ ಅದೇ ಕೋಚ್‌ಗಳು, ಅದೇ ಸ್ಕೌಟ್‌ಗಳು ಅಯೊವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿದ್ದ ಬ್ರಾಕ್ ಪರ್ಡಿಯ ಟೇಪ್ ನೋಡಿದರು. ಮೊದಲ ಎಂಟು ಆಯ್ಕೆಗಳನ್ನು ಬೇರೆಯವರಿಗೆ ಕೊಟ್ಟು, ಒಂಬತ್ತನೆಯದನ್ನು, ಇಡೀ ಡ್ರಾಫ್ಟಿನ ಕೊನೆಯ 262ನೆಯದನ್ನು, ಅವನಿಗೆ ಕೊಟ್ಟರು. 2023ರ ಆಗಸ್ಟ್‌ನಲ್ಲಿ ಲ್ಯಾನ್ಸ್ ಒಂದು ನಾಲ್ಕನೇ ಸುತ್ತಿನ ಆಯ್ಕೆಗೆ ಡಲ್ಲಾಸ್‌ಗೆ ಹೋದ. ಆರು ತಿಂಗಳ ನಂತರ ಪರ್ಡಿ ಸೂಪರ್ ಬೌಲ್ ಆಡುತ್ತಿದ್ದ.